ದಾರಿ ಬಿಟ್ಟು ನಿಲ್ಲುತ್ತಿದ್ದ ವೀರೇಶಣ್ಣ

ಲ್ಯಾಬ್ ಟೆಕ್ನಿಷಿಯನ್ ವೀರೇಶಣ್ಣ ಯಾರ ಮನೆಯ ಬಾಗಿಲು ತಟ್ಟಿದರೂ ಎದುರಿಗೆ ನಿಲ್ಲುತ್ತಿರಲಿಲ್ಲ. ಪಕ್ಕಕ್ಕೆ ಸರಿದು, ಒಬ್ಬರು ಹೊರಗೆ ಬರುವಷ್ಟು ಜಾಗ ಬಿಟ್ಟು ಒಂದು ಗಳಿಗೆ ಕಾಯುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, "ನಮಗಿಂತ ಮೊದ್ಲ ಅದು ಬಂದಿರತೈತಿ ಸಿಸ್ಟರ್. ಹೋಗೋದಿದ್ರ ಹೋಗ್ಲಿ, ದಾರಿ ಬಿಡೂನು" ಎಂದಿದ್ದರು. ನನಗೆ ನಗು ಬಂದಿತ್ತು, ಅವರು ಮಾತ್ರ ನಕ್ಕಿರಲಿಲ್ಲ.

ಕೊರೊನಾದ ಮೊದಲ ವರ್ಷ, ಲಸಿಕೆ ಇನ್ನೂ ಬಂದಿರಲಿಲ್ಲ. ಗೊತ್ತೇ ಆಗದಂತೆ ಸೋಂಕು ಎಷ್ಟು ಜನರನ್ನು ಮುಟ್ಟಿಹೋಗಿದೆ ಎಂದು ಅಂದಾಜು ಮಾಡಲು ನಾವಿಬ್ಬರೂ ಊರೂರು ತಿರುಗಿ ರಕ್ತ ತೆಗೆಯುತ್ತಿದ್ದೆವು. ಮನೆ ಆರಿಸುವ ಕೆಲಸ ಪೆನ್ನಿನದು. ಊರ ನಡುವೆ ಕೂತು ವೀರೇಶಣ್ಣ ನೆಲದ ಮೇಲೆ ಅದನ್ನು ತಿರುಗಿಸುತ್ತಿದ್ದರು. ಯಶವಂತನಗರದ ಕೆಂಪು ಧೂಳಿನಲ್ಲಿ ದುಂಡಗೆ ಗೀರು ಬೀಳುತ್ತಿತ್ತು. ಪೆನ್ನಿನ ಮೂತಿ ತೋರಿಸಿದ ಓಣಿಯಲ್ಲಿ ಐದು ಮನೆಗೊಂದರಂತೆ ಹಿಡಿಯಬೇಕು. ಪರಿಚಯದವರೆಂದು ಸೇರಿಸುವಂತಿಲ್ಲ, ಬೈದರೆಂದು ಬಿಡುವಂತಿಲ್ಲ. "ಪೆನ್ನು ತೋರಿಸಿದ ಮನಿ ಬಿಟ್ರ ಲೆಕ್ಕ ಸುಳ್ಳಾಗತೈತಿ" ಎಂಬುದು ಅವರ ಹಟ. ಆ ಹಟಕ್ಕೆ ನನ್ನ ಮಧ್ಯಾಹ್ನದ ಊಟ ಎಷ್ಟೋ ದಿನ ತಪ್ಪಿದೆ.

ವಡ್ಡು ಎಂಬ ಊರಿನ ಒಂದು ಮನೆಯಲ್ಲಿ ಐವರಿದ್ದರು. ಯಾರಿಗೂ ಒಂದು ಸೀನು ಸಹ ಬಂದಿರಲಿಲ್ಲ, ಆದರೆ ಐವರ ರಕ್ತದಲ್ಲೂ ಅದರ ಗುರುತು ಸಿಕ್ಕಿತು. ಫಲಿತಾಂಶ ಹೇಳಿದಾಗ ಮನೆಯಾಕೆ ತನ್ನದೇ ಪಡಸಾಲೆಯ ಮೂಲೆಗಳನ್ನು ಒಂದೊಂದಾಗಿ ನೋಡತೊಡಗಿದಳು. "ನಾವು ಮನಿ ಬಿಟ್ಟು ಹೊರಗ ಹೋಗಿಲ್ರಿ. ಯಾವಾಗ ಬಂತ್ರಿ ಅದು? ಯಾರು ತಂದ್ರು?"

"ಬಂದು ಹೋಗೈತಿ ಅಂತಷ್ಟ ರಕ್ತ ಹೇಳತೈತಿ ಯವ್ವಾ," ಎಂದರು ವೀರೇಶಣ್ಣ. "ಯಾವಾಗ, ಯಾರಿಂದ ಅಂತ ಹೇಳಂಗಿಲ್ಲ."

ಅಂದಿನಿಂದ ನಾನೂ ಬಾಗಿಲಲ್ಲಿ ಒಂದು ಹೆಜ್ಜೆ ಸರಿದು ನಿಲ್ಲತೊಡಗಿದೆ. ಹಾಡಹಗಲಲ್ಲೇ ಭಯವಾಗುತ್ತಿತ್ತು.

ಕಂಪ್ಲಿ ವೀರೇಶಣ್ಣನ ಊರು. ಎರಡು ತಿಂಗಳ ಹಿಂದೆ ಅವರ ತಾಯಿ ಅಲ್ಲಿ ಇದೇ ರೋಗಕ್ಕೆ ತೀರಿಕೊಂಡಿದ್ದರು. "ನಾ ಹಿತ್ತಲದಾಗ ಮೈ ತೊಳಕೊಂಡ ಒಳಗ ಹೋಗ್ತಿದ್ದೆ. ನನಗ ಒಂದಿನಾನೂ ಮೈ ಬಿಸಿ ಆಗಿಲ್ಲ. ಅವ್ವಗ ಬ್ಯಾರೆ ಯಾರೋ ತಂದ್ರು" ಎಂದು ಯಾರೂ ಕೇಳದಿದ್ದರೂ ಜೀಪಿನಲ್ಲಿ ಹೇಳುತ್ತಿದ್ದರು. ಆ ಒಂದು ನಂಬಿಕೆಯಲ್ಲೇ ಅವರು ದಿನ ತಳ್ಳುತ್ತಿದ್ದರು.

ಕಂಪ್ಲಿಯಲ್ಲಿ ಪೆನ್ನು ಅವರದೇ ಓಣಿ ತೋರಿಸಿತು. ಎಣಿಸುತ್ತ ಹೋಗಿ ನಿಂತ ಮನೆಗೆ ಬೀಗವಿತ್ತು. ಅಲ್ಲಿ ಉಳಿದಿದ್ದವರು ಒಬ್ಬರೇ, ಅವರು ನನ್ನ ಪಕ್ಕದಲ್ಲಿದ್ದರು.

"ಬೀಗ ಹಾಕೈತಿ ಅಂತ ಬರೀತೀನಿ ಅಣ್ಣಾರ. ಸುಳ್ಳೇನಲ್ಲ," ಎಂದೆ.

"ಬ್ಯಾಡ. ಪೆನ್ನು ತೋರಿಸೈತಿ," ಎಂದು ಜೇಬಿನಿಂದ ಕೀಲಿ ತೆಗೆದರು. ತಾಯಿಯ ಫೋಟೊದ ಕೆಳಗೆ ಕೂತು ತೋಳು ಚಾಚಿದರು. ನನಗೆ ಎರಡನೇ ಸಲಕ್ಕೆ ರಕ್ತನಾಳ ಸಿಕ್ಕಿತು.

ವಾರದ ಮೇಲೆ ಫಲಿತಾಂಶ ಹೇಳಲು ನಾನೇ ಅವರ ಮನೆಗೆ ಹೋದೆ. ಅವರಿಗೂ ಬಂದು ಹೋಗಿತ್ತು. "ಯಾವಾಗ, ಯಾರಿಂದ ಅಂತ ರಕ್ತ ಹೇಳಂಗಿಲ್ಲ ಅಣ್ಣಾರ" ಎಂದು ಅವರ ಮಾತನ್ನೇ ಅವರಿಗೆ ಹೇಳಿದೆ. ಅದೆಷ್ಟು ಪೊಳ್ಳು ಸಮಾಧಾನವೆಂದು ಹೇಳುವಾಗಲೇ ಗೊತ್ತಾಯಿತು. ಅವರು ಹೂಂ ಎಂದು, ನನ್ನನ್ನು ಬೀದಿಯವರೆಗೆ ಕಳಿಸಿ ತಿರುಗಿದರು.

ಮುಂದಿನ ವಾರವೇ ಬೇರೆ ಜಿಲ್ಲೆಗೆ ವರ್ಗ ಮಾಡಿಸಿಕೊಂಡು ಹೋದರು, ಮತ್ತೆ ಸಿಕ್ಕಿಲ್ಲ. ಫಲಿತಾಂಶ ಹೇಳಿದ ದಿನ ಓಣಿಯ ತುದಿಯಿಂದ ನೋಡಿದ್ದೇ ಕೊನೆ. ತಮ್ಮ ಮನೆಯ ತೆರೆದ ಬಾಗಿಲ ಪಕ್ಕಕ್ಕೆ ಸರಿದು, ದಾರಿ ಬಿಟ್ಟು ನಿಂತಿದ್ದರು. ನಾನು ಎಷ್ಟು ಹೊತ್ತು ಕಾದರೂ ಅವರು ಒಳಗೆ ಹೋಗಲಿಲ್ಲ.