ಸುಗ್ಗಿ ಹಬ್ಬಕ್ಕೆ ಬಂದ ಕಾರು

ಮೊನ್ನೆ ಮುಂಡರಗಿಯಿಂದ ಬರುವಾಗ ನಮ್ಮ ಬಸ್ಸಿನ ಮುಂದಿದ್ದ ಲಾರಿಯವನು ಒಮ್ಮೆಲೇ ಬ್ರೇಕ್ ಹಾಕಿದ. ರಸ್ತೆಗೆ ಟಾಯರು ಉಜ್ಜಿ ಸುಟ್ಟ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದ ಸೀಟಿನ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡೆ. ಆಕೆ ಗಾಬರಿಯಾಗಿ, "ಯಾಕ್ರಿ ಯವ್ವಾ, ಆರಾಮ ಅದೀರಿಲ್ಲೋ?" ಎಂದಳು. ಆರಾಮ ಇದ್ದೇನೆ ತಾಯಿ ಎಂದೆ. ಇನ್ನೇನು ಹೇಳಲಿ? ನಿವೃತ್ತಳಾದ ಕನ್ನಡ ಶಾಲೆಯ ಅಕ್ಕೋರು, ಮೊಮ್ಮಕ್ಕಳನ್ನು ಕಂಡ ಅಜ್ಜಿ, ಸುಟ್ಟ ಟಾಯರಿನ ವಾಸನೆಗೆ ಹಿಗ್ಗುತ್ತಾಳೆ ಎಂದರೆ ನೀವಾದರೂ ನಂಬುತ್ತೀರಾ? ನಂಬಬೇಕಾದರೆ ನಿಮಗೆ ಸಮಾಧಾನಪ್ಪನವರ ಸುದ್ದಿ ಹೇಳಬೇಕು.

ಬೆಟಗೇರಿಯಲ್ಲಿ ನಮ್ಮ ಮನೆಗೂ ಅವರ ಗ್ಯಾರೇಜಿಗೂ ನಡುವೆ ಒಂದೇ ಗೋಡೆ. ನಮ್ಮ ಓಣಿಯಲ್ಲಿ ಮೊದಲಿನಿಂದಲೂ ಮಗ್ಗದ ಸದ್ದು ಇದ್ದದ್ದೇ. ಅದಕ್ಕೆ ಕಿವಿ ಎಷ್ಟು ಒಗ್ಗಿತ್ತೆಂದರೆ ಮಗ್ಗ ನಿಂತರೆ ನಿದ್ದೆ ಕೆಡುತ್ತಿತ್ತು. ಆದರೆ ಸಮಾಧಾನಪ್ಪನವರ ಸುತ್ತಿಗೆ, ಅವರ ಗ್ರೈಂಡರು, ಅವುಗಳ ಮೇಲೆ ಅವರ ಕೀರ್ತನೆ! ದನಿ ಒರಟು, ರಾಗ ತಮ್ಮದೇ. ಹೆಸರು ಮಾತ್ರ ಸಮಾಧಾನಪ್ಪ. "ಹಿಂದಿನ ಜನ್ಮದಾಗ ಯಾರದೋ ನಿದ್ದಿ ಕೆಡಿಸೇನಿ ನಾನು" ಎಂದು ಗೊಣಗಿದರೆ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ನಿನ್ನ ದನಿ ಏನ ಕಡಿಮಿ ಐತೇನು?" ಎನ್ನುತ್ತಿದ್ದರು. ಗಂಡಂದಿರು ಇರುವುದೇ ಇಂಥ ಮಾತಿಗೆ.

ಹೋಗಿ ಜಗಳ ತೆಗೆಯೋಣವೆಂದರೆ ಅವರ ಹೆಂಡತಿ ಕೃಪಾಬಾಯಿಯವರು ಅಡ್ಡ. ಆಸ್ಪತ್ರೆಯಲ್ಲಿ ನರ್ಸಾಗಿದ್ದವರು; ಓಣಿಗೆಲ್ಲ 'ಸಿಸ್ಟರ್ರು'. ನಮ್ಮ ಓಣಿಯ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು, ನನ್ನ ಇಬ್ಬರು ಮಕ್ಕಳೂ ಸೇರಿ. ಹೆರಿಗೆಯ ಹೊತ್ತಿನಲ್ಲಿ ನನ್ನ ಬಾಯಿಂದ ಬಂದ ಬೈಗುಳಗಳನ್ನೆಲ್ಲ ಕೇಳಿಯೂ ನಕ್ಕವರ ಮುಂದೆ ಮತ್ತೆ ಏನೆಂದು ಬಾಯಿ ಮಾಡುವುದು?

ಒಂದು ಮಧ್ಯಾಹ್ನ ಮಾತ್ರ ತಾಳ್ಮೆ ಕೆಟ್ಟು ಹೋಗಿಯೇ ಬಿಟ್ಟೆ. ಯಾವಾಗಲೂ ಟ್ರ್ಯಾಕ್ಟರು, ಟಂಟಂ ರಿಕ್ಷಾ ನಿಂತಿರುತ್ತಿದ್ದ ಜಾಗದಲ್ಲಿ ಉದ್ದನೆಯ ಪೈಪುಗಳ ಹಂದರವೊಂದು ಮಲಗಿತ್ತು. ಮುಂದೆ ಎರಡು ಸಣ್ಣ ಗಾಲಿ, ಹಿಂದೆ ಎರಡು ಅಗಲ ಗಾಲಿ. ಬಾಗಿಲಿಲ್ಲ, ಒಂದೇ ಸೀಟು. ಬೈಯಲು ಬಂದದ್ದನ್ನು ಮರೆತು, "ಇದ್ಯಾವ ಗಾಡಿರಿ?" ಎಂದೆ.

"ಡ್ರ್ಯಾಗ್ ರೇಸಿನ ಕಾರ್ರಿ ಅಕ್ಕೋರ. ತಿರುವಿಲ್ಲದ ನೆಟ್ಟನ್ನ ದಾರಿ ಬೇಕು. ಅರ್ಧ ಕಿಲೋಮೀಟರೂ ಇರೂದಿಲ್ಲ, ಒಂದ ಉಸಿರಿನ್ಯಾಗ ಓಡಿ ಮುಗಸ್ತೈತಿ." ಹುಬ್ಬಳ್ಳಿಯ ಅಳಿಯ ಮೊಬೈಲಿನಲ್ಲಿ ಅಂಥದೊಂದು ಓಟ ತೋರಿಸಿದ್ದನಂತೆ. ಅಂದಿನಿಂದ ಇವರಿಗೆ ಇದೇ ಹುಚ್ಚು.

"ಮುಗಿದ ಮ್ಯಾಲೆ?"

"ಮುಗೀತು, ಅಷ್ಟ."

"ಸಂತಿಗಿ ಹೋಗಾಕ ಬರತೈತೇನು?"

"ಇಲ್ಲರಿ."

"ಸಿಸ್ಟರ್ರನ್ನ ಕೂಡಿಸ್ಕೊಂಡ ಲಕ್ಷ್ಮೇಶ್ವರಕ್ಕರೆ?"

"ಒಂದ ಸೀಟ ಐತ್ರಿ."

"ಮತ್ತ ಯಾತಕ್ಕರಿ ಇದು?"

ಅವರು ಕೈ ಒರೆಸಿಕೊಂಡು, ಸಂಕೋಚದಿಂದ, "ದೇವರಿಗಿ" ಎಂದರು.

ಅವರ ಕ್ರೈಸ್ತ ಸಭೆಯಲ್ಲಿ ವರ್ಷಕ್ಕೊಮ್ಮೆ ಸುಗ್ಗಿ ಹಬ್ಬ ಆಗುತ್ತದೆ. ಪ್ರತಿಯೊಬ್ಬರೂ ತಮ್ಮ ದುಡಿಮೆಯ ಪ್ರಥಮಫಲವನ್ನು ಗುಡಿಗೆ ತಂದು ದೇವರ ಮುಂದೆ ಇಡಬೇಕು. ಕುರ್ತಕೋಟಿಯವರು ಜೋಳ ತರುತ್ತಾರೆ, ಸಿಂಗಟಾಲೂರಿನವರು ಹೊಳೆ ನೀರಿನ ಭತ್ತ ತರುತ್ತಾರೆ, ನಮ್ಮ ಓಣಿಯ ನೇಕಾರರು ಮಗ್ಗದಿಂದ ಆಗಷ್ಟೇ ಇಳಿದ ಸೀರೆ ಒಯ್ಯುತ್ತಾರೆ. ಆರಾಧನೆ ಮುಗಿದ ಮೇಲೆ ಅವನ್ನೆಲ್ಲ ಅಂಗಳದಲ್ಲಿ ಲೀಲಾವು ಹಾಕಿ, ಅಂದರೆ ಹರಾಜು ಕೂಗಿ, ಬಂದ ಹಣವನ್ನು ಬಡವರಿಗೆ ಬಳಸುತ್ತಾರೆ.

"ನಾ ಏನ ಒಯ್ಯೂದ್ರಿ? ವರ್ಷಾ ವರ್ಷಾ ಬಜಾರದಾಗ ಬಾಳಿಹಣ್ಣ ಕೊಂಡ ಒಯ್ತೀನಿ. ಬೆಳದಾಂವ ಬ್ಯಾರೆ, ಮಾರಿದಾಂವ ಬ್ಯಾರೆ. ನನ್ನ ಕೈ ದುಡದಾವು, ಖರೆ. ಆದ್ರ ಬರೇ ರಿಪೇರಿ. ಯಾರೋ ಮಾಡಿದ್ದು, ಯಾರೋ ಕೆಡಿಸಿದ್ದು. ನನ್ನ ಕೈಯಾಗ ಹುಟ್ಟಿದ್ದು ಇದ ಮೊದಲನೇದ್ದು."

"ಹಂಗಾರ ಒಂದು ಚಲೋ ಚಕ್ಕಡಿ ಮಾಡ್ರಿ. ಯಾರಿಗರೆ ಉಪಯೋಗ ಆಕ್ಕೈತಿ."

"ಉಪಯೋಗದ್ದು ದಿನಾ ಮಾಡತೀನ್ರಿ, ಮನಷ್ಯಾರಿಗಿ. ದೇವರ ಸ್ತುತಿ ಮಾಡೂಮುಂದ ನಾಳಿಗಿ ಬೇಕಂತ ಉಸಿರ ಉಳಿಸ್ಕೋತ ಹಾಡತೀವೇನ್ರಿ? ಇದೂ ಹಂಗ. ಇದ್ದಷ್ಟೂ ಕೊಟ್ಟ ಒಮ್ಮೆ ಓಡಬೇಕು."

ಮನೆಗೆ ಬಂದು ಯಜಮಾನರಿಗೆ, "ಬಾಜೂದವರಿಗೆ ತಲಿ ಕೆಟ್ಟೈತಿ" ಎಂದು ಹೇಳಿ, ಕೆಲಸಕ್ಕೆ ಬಾರದ ಆ ಕಾರಿನ ಮೇಲಿನ ಸಿಟ್ಟಿಗೆ ಕುಂಬಳಕಾಯಿಯನ್ನು ಜೋರಾಗಿ ಹೆಚ್ಚಿದೆ.

ಅದಾದ ಮೇಲೆ ಒಂದು ದಿನ ಕೃಪಾಬಾಯಿಯವರು ನಮ್ಮಲ್ಲಿ ಕಸೂತಿಗೆಂದು ಇಟ್ಟ ಅಳತೆ ಟೇಪು ಕೇಳಲು ಬಂದರು. "ನಮ್ಮವರು ನನ್ನ ಅಳತಿ ತಗೊಂಡು ಆ ಗಾಡಿಗಿ ಸೀಟ ಮಾಡತಾರಂತ" ಎಂದು ನಕ್ಕರು. ನಗುತ್ತಿದ್ದವರು ಹಾಗೆಯೇ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. ಸಮಾಧಾನಪ್ಪನವರಿಗೆ ಕಂಪವಾತ ಆಗಿದೆಯೆಂದು ಡಾಕ್ಟರು ಹೇಳಿದ್ದಾರಂತೆ. ಕೈ ನಡುಗುತ್ತದೆ, ಇನ್ನು ಮೇಲೆ ನಡುಗುವುದು ಹೆಚ್ಚೇ ಆಗುತ್ತದೆ. "ಸ್ಟೇರಿಂಗ ಹಿಡಿಯಾಕ ತಮಗ ಆಗೂದಿಲ್ಲ ಅನ್ನೂದು ಅವರಿಗಿ ಗೊತ್ತೈತ್ರಿ. ಅದಕ್ಕ ನನ್ನ ಅಳತಿ. ಆಸ್ಪತ್ರಿ ಜೀಪ ಹಳ್ಳಿಹಳ್ಳಿಗಿ ಓಡಿಸಿದಾಕಿ ಅಲ್ಲೇನ್ರಿ ನಾನು?"

ಅಂದಿನಿಂದ ನನ್ನ ಕಿವಿಯೇ ಬದಲಾಯಿತು. ಆ ರೋಗದ ರೀತಿ ಹೀಗೆ: ಕೆಲಸ ಹಿಡಿದಾಗ ಕೈ ಸ್ವಲ್ಪ ನಿಲ್ಲುತ್ತಿತ್ತು, ಸುಮ್ಮನೆ ಕುಳಿತರೆ ನಡುಗುತ್ತಿತ್ತು. ಹಾಗಾಗಿ ಅವರು ಸುಮ್ಮನೆ ಕೂಡುತ್ತಲೇ ಇರಲಿಲ್ಲ. ಗೋಡೆಯಾಚೆ ಸುತ್ತಿಗೆ ನಿಂತರೆ ಈಗ ನನಗೆ ದಿಗಿಲು. ಕೈ ಪೂರ್ತಿ ಕೈಕೊಡುವುದರೊಳಗೆ ಆ ಕಾರು ಮುಗಿಯಬೇಕು, ಮುಗಿದು ಒಮ್ಮೆಯಾದರೂ ಓಡಬೇಕು. ನಾನು ನಮ್ಮ ದೇವರ ಮನೆಯಲ್ಲಿ ದೀಪ ಹಚ್ಚುವಾಗ ಅದನ್ನೇ ಬೇಡಿಕೊಳ್ಳತೊಡಗಿದೆ. ಅವರ ದೇವರಿಗೆ ನಮ್ಮ ದೇವರ ಮೂಲಕ ಅರ್ಜಿ ಹೋಗುತ್ತದೋ ಇಲ್ಲವೋ, ನನಗೇನು ಗೊತ್ತು? ಹೇಳುವುದನ್ನು ಹೇಳಿದೆ.

ಕಾರು ಮುಗಿಯಿತು. ಆದರೆ ನಮ್ಮ ಸಮಾಧಾನಪ್ಪನವರು ಅದನ್ನು ಓಡಿಸಲು ಬಿಡಬೇಕಲ್ಲ! ಹಿಂದಿನ ಗಾಲಿಗಳನ್ನು ಸ್ಟ್ಯಾಂಡಿನ ಮೇಲೆ ಎತ್ತಿಟ್ಟು ಎಂಜಿನ್ ಚಾಲೂ ಮಾಡಿ ನೋಡಿದ್ದರು, ಅಷ್ಟೇ. "ಪ್ರಥಮಫಲ ಅಂದ್ರ ನಾವು ಉಣ್ಣೂಕಿಂತ ಮೊದಲ ಕೊಡೂದ್ರಿ. ನೆಲದ ಮ್ಯಾಲೆ ಓಡಿತಂದ್ರ ನಾವು ಉಂಡಂಗಾತು." ಹೀಗಾಗಿ ಹಬ್ಬದ ರವಿವಾರ ಓಣಿಯ ಜನವೆಲ್ಲ ಸೇರಿ ಆ ಕಾರನ್ನು ಗುಡಿಗೆ ನೂಕಿದೆವು. ನಾನೂ ಸೆರಗು ಸಿಕ್ಕಿಸಿ ನೂಕಿದೆ. ಯಜಮಾನರು ಛತ್ರಿ ಹಿಡಿದು ಹಿಂದಿನಿಂದ ಸೂಚನೆ ಕೊಟ್ಟರು. ಜೋಳದ ಸಿವುಡು, ಕೋಳಿ, ಸೀರೆಗಳ ನಡುವೆ ಅಂಗಳದಲ್ಲಿ ಕಾರು ನಿಂತಿತು. ಸಣ್ಣ ವಯಸ್ಸಿನ ಪಾಸ್ಟರು ಹೊರಗೆ ಬಂದು ಪೈಪಿನ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಸಮಾಧಾನಪ್ಪನವರ ಮುಖದಲ್ಲಿ ಆವತ್ತು ಕಂಡ ಸಂತೋಷವನ್ನು ನಾನು ಮದುಮಕ್ಕಳ ಮುಖದಲ್ಲೂ ಕಂಡಿಲ್ಲ.

ಲೀಲಾವು ಸುರುವಾಯಿತು. ಅವರಲ್ಲೊಂದು ಚಂದದ ರೂಢಿ ಇದೆ: ಕೊಂಡವರು ಅದನ್ನು ಹಾಗೆಯೇ ತಿರುಗಿ ಕೊಡುತ್ತಾರೆ, ಮತ್ತೆ ಕೂಗುತ್ತಾರೆ, ಮತ್ತೊಬ್ಬರು ಕೊಳ್ಳುತ್ತಾರೆ. ಆವತ್ತು ಒಂದೇ ಕೋಳಿ ತತ್ತಿ ಎಷ್ಟು ಕೈ ದಾಟಿತೋ! ಕಾರಿನದೂ ಹಾಗೆಯೇ ಆದೀತು, ಕೊನೆಗೆ ಯಾರೋ ಒಬ್ಬರು ಸಮಾಧಾನಪ್ಪನವರಿಗೇ ಕೊಟ್ಟಾರು, ಆಗ ಓಡಿಸಿದರಾಯಿತು ಎಂದು ನಾವೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆವು. ಹೊರಗಿನವರು ಯಾರಾದರೂ ಕೊಂಡಾರೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಶಿರಹಟ್ಟಿಯಲ್ಲಿ ಗುಜರಿ ಅಂಗಡಿ ಇಟ್ಟ ಯಲ್ಲಪ್ಪ ಎಂಬವನು ಸುದ್ದಿ ಕೇಳಿ ಬಂದಿದ್ದ. ಕಾರಿನ ಸುತ್ತ ಒಂದು ಸುತ್ತು ಹಾಕಿ, ಕಬ್ಬಿಣದ ತೂಕ ಕಣ್ಣಲ್ಲೇ ನೋಡಿ, ಎಲ್ಲರಿಗಿಂತ ಮೇಲೆ ಕೂಗಿ ಕೊಂಡುಬಿಟ್ಟ.

"ತಿರುಗಿ ಕೊಡೂದು ನಮ್ಮ ರೂಢಿ ಐತ್ರಿ" ಎಂದು ಸಭೆಯ ಹಿರಿಯರೊಬ್ಬರು ಮೆಲ್ಲಗೆ ಹೇಳಿದರು.

"ಕೊಂಡದ್ದನ್ನ ಕೊಡಾಕ ನನಗೇನ ಹುಚ್ಚ ಹಿಡದೈತೇನ್ರಿ?" ಎಂದ ಯಲ್ಲಪ್ಪ. ನಾಳೆ ಗ್ಯಾಸ್ ಕಟರ್ ಹಚ್ಚಿ ತುಂಡು ಮಾಡುತ್ತೇನೆ ಎಂದೂ ಹೇಳಿದ. ನಾಲ್ಕು ಜನ ಅವನ ಮೇಲೆ ಏರಿ ಹೋದರು. ಅವರನ್ನು ತಡೆದವರು ಸಮಾಧಾನಪ್ಪನವರೇ.

"ಬಿಡ್ರಿ. ನಾ ಕೊಟ್ಟೇನಿ, ಅವರು ಕೊಂಡಾರ. ಕಾಣಿಕಿ ಮುಗೀತು." ಹಾಗೆಂದವರ ಕೈ ಬೆನ್ನ ಹಿಂದೆ ಒಂದೇ ಸಮನೆ ನಡುಗುತ್ತಿತ್ತು. ಕೃಪಾಬಾಯಿಯವರು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ನೆಲ ನೋಡುತ್ತಿದ್ದರು.

ಅದನ್ನು ಕಂಡ ಮೇಲೆ ಆ ಅಂಗಳದಲ್ಲಿ ನಾನು ಯಾರು, ಯಾವ ಧರ್ಮದವಳು, ಮಾತಾಡಬಹುದೋ ಇಲ್ಲವೋ, ಒಂದೂ ನೆನಪಾಗಲಿಲ್ಲ. ನೇರವಾಗಿ ಹೋಗಿ ಯಲ್ಲಪ್ಪನ ಮುಂದೆ ನಿಂತೆ. "ಏನಪಾ, ಕಬ್ಬಿಣ ನಿಂದು, ಬ್ಯಾಡ ಅನ್ನೂದಿಲ್ಲ. ಕಡಿಯೂಕಿಂತ ಮೊದಲ ಒಂದ ಸಲ, ಒಂದ ಸಲ ಅದನ್ನ ಓಡಾಕ ಬಿಡು. ಓಡಿದ್ರ ನಿಂದೇನ ಲುಕ್ಸಾನ ಆಕ್ಕೈತಿ?"

ಅವನು ಗಡ್ಡ ಕೆರೆದುಕೊಂಡು ಖರೆ ಖರೆ ಯೋಚಿಸಿದ. "ಅದೂ ಹೌದ್ ಬಿಡ್ರಿ. ಓಡಿದ್ರ ತೂಕೇನ ಕಡಿಮಿ ಆಗೂದಿಲ್ಲ."

ನಗು ಎಲ್ಲಿಂದ ಸುರುವಾಯಿತೋ ಕಾಣೆ, ಅಂಗಳ ಪೂರ್ತಿ ನಕ್ಕಿತು. ಜಾಗವನ್ನೂ ಅವನೇ ಹುಡುಕಿಕೊಟ್ಟ. ಮುಂಡರಗಿ ರಸ್ತೆಯಲ್ಲಿ ಅವನ ಸೋದರಮಾವನದೊಂದು ಲೇಔಟ್ ಇತ್ತು. ಮನೆಗಳು ಇನ್ನೂ ಎದ್ದಿರಲಿಲ್ಲ. ಡಾಂಬರು ರಸ್ತೆ ಮಾತ್ರ ನೆಟ್ಟಗೆ ಕಪ್ಪತಗುಡ್ಡದ ಕಡೆ ಮುಖ ಮಾಡಿ ಮಲಗಿತ್ತು.

ಮರುದಿನ ಮುಂಜಾನೆ ಕೃಪಾಬಾಯಿಯವರು ಗಂಡನ ಅಂಗಿ ಪ್ಯಾಂಟು ತೊಟ್ಟು, ಹೆಲ್ಮೆಟ್ ಹಾಕಿಕೊಂಡು, ತಮ್ಮ ಅಳತೆಯ ಸೀಟಿನಲ್ಲಿ ಕುಳಿತರು. ಸಮಾಧಾನಪ್ಪನವರು ಬಗ್ಗಿ ಬೆಲ್ಟ್ ಬಿಗಿಯಲು ಹೋದರೆ ಕೊಕ್ಕೆ ಸಿಗಲೊಲ್ಲದು. ಸಿಸ್ಟರ್ರು ಅವಸರ ಮಾಡದೆ, ಅದು ಬೀಳುವ ತನಕ ಕಾಯುತ್ತ ಕುಳಿತಿದ್ದರು. ಇಬ್ಬರೂ ತಲೆ ಬಾಗಿಸಿ ಏನೋ ಪ್ರಾರ್ಥನೆ ಮಾಡಿದರು. "ಹೆದರಬ್ಯಾಡ. ನೆಟ್ಟಗ ನೋಡು, ಅಷ್ಟ" ಎಂದು ಸಮಾಧಾನಪ್ಪನವರು ಹಿಂದೆ ಸರಿದರು.

ಅಬ್ಬಬ್ಬಾ! ಹಿಂದಿನ ಗಾಲಿಗಳು ನಿಂತಲ್ಲೇ ಗರಗರ ತಿರುಗಿದವು. ಬಿಳೀ ಹೊಗೆ ಎದ್ದಿತು, ಮೂಗಿಗೆ ಆ ಸುಟ್ಟ ವಾಸನೆ ಬಡಿಯಿತು, ಎದೆಯೊಳಗೆಲ್ಲ ಗುಡುಗಿದಂತಾಯಿತು. "ಯಪ್ಪಾ!" ಎಂದು ಯಲ್ಲಪ್ಪ ನನ್ನ ಕೈ ಹಿಡಿದುಕೊಂಡ. ನಾನು ಕಣ್ಣುಜ್ಜಿ ನೋಡುವಷ್ಟರಲ್ಲಿ ಕಾರು ಅಷ್ಟು ದೂರ ಹೋಗಿ ನಿಂತೇಬಿಟ್ಟಿತ್ತು. ಒಂದಿಷ್ಟೂ ಅತ್ತ ಇತ್ತ ಸರಿದಿರಲಿಲ್ಲ. ಸಮಾಧಾನಪ್ಪನವರು ಅಲ್ಲೇ ರಸ್ತೆಯ ಮೇಲೆ ಮೊಣಕಾಲೂರಿ ಗಟ್ಟಿಯಾಗಿ ಅತ್ತರು. ನಾನೂ ಅತ್ತೆ. ಯಜಮಾನರು ಕನ್ನಡಕ ಒರೆಸಿಕೊಂಡು, ಧೂಳು ಭಾಳ ಎಂದರು.

ಯಲ್ಲಪ್ಪ ಕಾರನ್ನು ಟೆಂಪೋಕ್ಕೆ ಹೇರಿಕೊಂಡು ಹೋದ. ಬಿಟ್ಟುಕೊಟ್ಟಾನೆಂದು ನಾನು ಕೊನೆಯವರೆಗೂ ಆಸೆಪಟ್ಟೆ, ಅವನು ಕೊಡಲಿಲ್ಲ. ತಿರುಗಿ ಬರುವಾಗ ತಡೆಯಲಾರದೆ ಸಮಾಧಾನಪ್ಪನವರನ್ನು ಕೇಳಿದೆ: "ಕಡದ ಹಾಕತಾನ್ರಿ ಅದನ್ನ. ನಿಮಗ ಕೆಟ್ಟ ಅನಸೂದಿಲ್ಲೇನು?"

"ಜ್ವಾಳಾ ಕೊಟ್ಟವರು ಮರುದಿನ ಹೋಗಿ, ರೊಟ್ಟಿ ಹ್ಯಾಂಗ ಆಗಿತ್ತು ಅಂತ ಕೇಳತಾರೇನ್ರಿ ಅಕ್ಕೋರ?" ಎಂದರು. ದಾರಿಯುದ್ದಕ್ಕೂ ಅವರ ಮುಖದಲ್ಲಿ ನಗುವಿತ್ತು.

ಅದೆಲ್ಲ ಆಗಿ ಕೆಲವು ವರ್ಷಗಳಾದವು. ಗ್ಯಾರೇಜಿಗೆ ಬೀಗ ಬಿದ್ದಿದೆ. ಸಮಾಧಾನಪ್ಪನವರಿಗೆ ಈಗ ಚಹಾದ ಬಸಿ ಹಿಡಿಯಲಿಕ್ಕೂ ಆಗುವುದಿಲ್ಲ. ನಿನ್ನೆ ಮತ್ತೆ ಸುಗ್ಗಿ ಹಬ್ಬ. ಕೃಪಾಬಾಯಿಯವರಿಗೆ ಮೊಣಕಾಲು ನೋವು. "ಅಕ್ಕೋರ, ಒಂದೀಟ ಇವರನ್ನ ಹಿಡಕೊಂಡ ಒಳಗ ಹೋಗ್ರಿ" ಎಂದರು. ಇಷ್ಟು ವರ್ಷ ಅಂಗಳದಲ್ಲೇ ನಿಂತವಳು ಮೊದಲ ಸಲ ಗುಡಿಯೊಳಗೆ ಕಾಲಿಟ್ಟೆ. ನಮ್ಮ ಮುಂದಿನವರು ಅವರೆಕಾಯಿ ಇಟ್ಟು ಸರಿದರು. ಸಮಾಧಾನಪ್ಪನವರ ಹತ್ತಿರ ಏನೂ ಇರಲಿಲ್ಲ. ನಡುಗುವ ಎರಡೂ ಕೈಗಳನ್ನು ಹಾಗೆಯೇ ಮುಂದೆ ಚಾಚಿದರು. ಪಾಸ್ಟರು ಅವನ್ನು ತಮ್ಮ ಕೈಗಳಲ್ಲಿ ಹಿಡಿದು, ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ನನ್ನ ಕಡೆ ನೋಡಿದರು.

ನನಗೆ ಗಾಬರಿಯಾಯಿತು. "ನಾ ಏನೂ ತಂದಿಲ್ಲರಿ. ಬರೇ ಇವರ ಆಸರಕ್ಕ ಬಂದೇನಿ."

"ಹಂಗಾದ್ರ ಆ ಆಸರಾನ ಕೊಡ್ರಿ ಅಕ್ಕೋರ" ಎಂದರು ಪಾಸ್ಟರು.

ಏನಾಯಿತೋ ನನಗೆ, ದುಃಖ ಒತ್ತರಿಸಿ ಬಂತು. ಜೀವನವಿಡೀ ಬೇರೆಯವರ ಮಕ್ಕಳ ಕೈ ಹಿಡಿದು ತಿದ್ದಿಸಿದ್ದೇ ಬಂತು, ನಂದು ಅಂತ ಏನು ಮಾಡಿದೆ ಎಂದು ಒಳಗೊಳಗೇ ಕೊರಗುತ್ತಿದ್ದವಳು ನಾನು. ಹಾಗೆ ಕೈ ಹಿಡಿಯುವುದನ್ನೂ ಯಾರಾದರೂ ಕಾಣಿಕೆಯೆಂದು ಕೇಳಿಯಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಅಷ್ಟು ಜನರೆದುರು ಮಕ್ಕಳಂತೆ ಅಳುತ್ತ ನಿಂತುಬಿಟ್ಟೆ. ಸಮಾಧಾನಪ್ಪನವರು ತಮ್ಮ ನಡುಗುವ ಕೈಯಿಂದ ನನ್ನ ಮೊಣಕೈ ಹಿಡಿದು, "ನಡೀರಿ ಅಕ್ಕೋರ, ಹಿಂದಿನವರಿಗಿ ಜಾಗಾ ಬಿಡೂಣು" ಎಂದು ನನ್ನನ್ನು ಮೆಲ್ಲಗೆ ನಡೆಸಿಕೊಂಡು ಹೋದರು.