ಸಡಿಲ ಹಿಡಿದ ಹಗ್ಗ

ಕೊಲ್ಲಿ ದೇಶದಲ್ಲಿ, ಹೂರಾ ಬಡಾವಣೆಯ ನಮ್ಮ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಒಂದು ನೀಲಿ ನೈಲಾನ್ ಹಗ್ಗವಿದೆ. ಅದರ ಒಂದು ತುದಿ ಬಾಲ್ಕನಿಯ ಮೂಲೆಯ ಕಂಬಿಗೆ, ಇನ್ನೊಂದು ತುದಿ ನಾನು ಕೂತು ಚಹಾ ಕುಡಿಯುವ ಕಿಟಕಿಯ ಸರಳಿಗೆ. ಕಟ್ಟಿದವನು ನಾನೇ. ಬೆರಳು ತಾಗಿದರೆ ಸ್ವರ ಹೊರಡುವಷ್ಟು ಬಿಗಿಯಾಗಿ ಕಟ್ಟಿದ್ದೆ. ಚಿಲಕ ಹಾಕಿದ ಮೇಲೂ ಬಾಗಿಲನ್ನೊಮ್ಮೆ ಎಳೆದು ನೋಡುವವರೊಬ್ಬರು ನಿಮ್ಮ ಮನೆಯಲ್ಲೂ ಇರಬಹುದು. ಇದ್ದರೆ ನನ್ನ ಸ್ವಭಾವವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕಳೆದ ವರ್ಷ ನನ್ನ ಹೆಂಡತಿ ಸುಮಾಳಿಗೆ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿಕೊಂಡಾಗ ನನ್ನೊಳಗೆ ಶುರುವಾದ ನಡುಕ, ಅವಳು ಗುಣವಾಗಿ ಎದ್ದು ಓಡಾಡತೊಡಗಿದ ಮೇಲೂ ನಿಲ್ಲಲಿಲ್ಲ. ಇನ್ನು ಎಲ್ಲವನ್ನೂ ಮಾಡಬಹುದು, ಈಜಲೂಬಹುದು ಎಂದು ಡಾಕ್ಟರು ಹೇಳಿಯಾಗಿತ್ತು. ನಾನು ಮಾತ್ರ ಅವಳ ಕೈಯಿಂದ ಬಕೆಟ್ ಕಸಿದುಕೊಳ್ಳುತ್ತಿದ್ದೆ; ಸ್ನಾನಕ್ಕೆ ಹೋದವಳು ತಡಮಾಡಿದರೆ ಬಾಗಿಲು ಬಡಿಯುತ್ತಿದ್ದೆ. "ನಾನು ಗಾಜಿನ ಬಳೆ ಅಲ್ಲ ಮಾರಾಯ್ರೆ" ಎಂದು ಅವಳು ಮೊದಮೊದಲು ನಗುತ್ತ ಹೇಳುತ್ತಿದ್ದಳು. ಬರಬರುತ್ತ ನಗು ನಿಂತು, ಮಾತು ಮಾತ್ರ ಉಳಿಯಿತು.

ಹಳೆಯ ಪದ್ಧತಿಯಲ್ಲೇ ಮುತ್ತಿನ ಚಿಪ್ಪು ತೆಗೆಯುವುದನ್ನು ತೋರಿಸುವ ಪ್ರವಾಸವೊಂದಿದೆ ಎಂದು ಅವಳಿಗೆ ಗೊತ್ತಾದದ್ದು ಆ ದಿನಗಳಲ್ಲಿ.

"ಇಷ್ಟು ವರ್ಷ ಇವರ ಮಣ್ಣಲ್ಲಿ ಅನ್ನ ಉಂಡದ್ದು. ಇಲ್ಲಿನ ಮೂಲದ ಜನ ಹೇಗೆ ಬದುಕಿದ್ರು ಅಂತ ಒಂದು ದಿನ ನೋಡಿ ಬರುವ," ಎಂದಳು. ಮತ್ತೆ, ನನ್ನ ಮುಖ ನೋಡಿ, "ನಾನು ನೀರಿಗೆ ಇಳಿಯುವವಳೇ. ಆಗ ನೀವು ಒಂದು ಮಾತೂ ಆಡ್ಲಿಕ್ಕಿಲ್ಲ."

ಹೊಳೆದಂಡೆಯ ಊರಿನವಳು ಅವಳು. ಎದೆಮಟ್ಟದ ನೀರಿನಲ್ಲಿ ಮುಳುಗಿ ಮರುವಾಯಿ ಚಿಪ್ಪು ಹೆಕ್ಕುತ್ತ ಬೆಳೆದವಳು. ನಾನೋ ಕಡಲ ತಡಿಯಲ್ಲೇ ಹುಟ್ಟಿಯೂ ಈಜು ಕಲಿಯದವನು.

ಹಿಂದೆ ಮುತ್ತಿನ ದೋಣಿಗಳು ಹೊರಡುತ್ತಿದ್ದ ಊರು ಮುಹರ್ರಕ್‌ನ ಗಲ್ಲಿಗಳಲ್ಲಿ, ಹವಳದ ಕಲ್ಲಿನ ಗೋಡೆಗಳ ನೆರಳು ಹಿಡಿದು ನಮ್ಮನ್ನು ನಡೆಸಿದ ಮಾರ್ಗದರ್ಶಿಯ ಹೆಸರು ಯೂಸುಫ್. ಅದೇ ಊರಿನವನು. ನಮ್ಮೊಡನೆ ನಮಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದ. ಒಂದು ಹಳೆಯ ಮನೆಯ ಅಂಗಳದಲ್ಲಿ ನಿಲ್ಲಿಸಿ, ಮುಳುಗುವವನು ಮೂಗಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಚಿಮ್ಮಟಿಗೆಯನ್ನೂ ಕೊರಳಿಗೆ ತೂಗಿಕೊಳ್ಳುತ್ತಿದ್ದ ಬಲೆಚೀಲವನ್ನೂ ತೋರಿಸಿದ. ಮುಳುಗುವವನು ಗೈಸ್, ದೋಣಿಯಲ್ಲಿ ನಿಂತು ಅವನ ಹಗ್ಗ ಹಿಡಿಯುವವನು ಸೈಬ್. ಗೈಸ್ ಒಮ್ಮೆ ಹಗ್ಗ ಜಗ್ಗಿದರೆ, ಸೈಬ್ ಮರುಕ್ಷಣವೇ ಅವನನ್ನು ಮೇಲಕ್ಕೆಳೆಯಬೇಕು.

"ಬಂದವರೆಲ್ಲ ಮುಳುಗಿದವರ ಬಗ್ಗೆ ಕೇಳ್ತಾರೆ," ಎಂದ ಯೂಸುಫ್. "ನನ್ನ ಅಜ್ಜ ಸೈಬ್. ಜೀವಮಾನದಲ್ಲಿ ಒಂದು ಚಿಪ್ಪೂ ಹೆಕ್ಕಿದವನಲ್ಲ. ಆದರೆ ಅವನ ಹಗ್ಗದಲ್ಲಿ ಇಳಿದವರೆಲ್ಲ ಮನೆಗೆ ಹೋಗಿ ಊಟ ಮಾಡಿದ್ದಾರೆ."

ಸುಮಾ ನನ್ನ ಕಡೆ ನೋಡಿದಳು. "ನಮ್ಮವರಿಗೆ ಕೆಲಸ ಸಿಕ್ಕಿತು."

ಹೀಗೆ ನಾನು ದೋಣಿಯ ಅಂಚಿನಲ್ಲಿ ಹಗ್ಗ ಹಿಡಿದು ನಿಂತೆ. ನೀರು ಆಳವಿರಲಿಲ್ಲ, ತಿಳಿಯಾಗಿತ್ತು, ಯೂಸುಫ್‌ನ ಜೊತೆಯ ಈಜುಗಾರನೊಬ್ಬ ಪಕ್ಕದಲ್ಲೇ ತೇಲುತ್ತಿದ್ದ. ಇದೆಲ್ಲ ಕಣ್ಣಿಗೆ ಕಾಣುತ್ತಿತ್ತು, ಕೈಗೆ ತಿಳಿಯುತ್ತಿರಲಿಲ್ಲ. ಸುಮಾ ಉಸಿರು ತುಂಬಿಕೊಂಡು, ಕಾಲಿಗೆ ಕಟ್ಟಿದ ಕಲ್ಲಿನ ಭಾರದೊಂದಿಗೆ ಇಳಿದಳು. ಅವಳ ಕೂದಲು ನೀರಿನೊಳಗೆ ಕಪ್ಪು ಹೊಗೆಯಂತೆ ಹರಡಿ ಮರೆಯಾಯಿತು. ಹಗ್ಗ ಅಲುಗಿತು. ನಾನು ಎಳೆದೆ.

"ಎಂಥ ಮಾರಾಯ್ರೆ," ಎಂದಳು ಮೇಲೆ ಬಂದವಳು, ಮೂಗಿನ ಚಿಮ್ಮಟಿಗೆ ಕಿತ್ತು. "ಈಗ ಇಳಿದದ್ದಷ್ಟೆ."

ಎರಡನೆಯ ಸಲವೂ ಹಾಗೆಯೇ ಆಯಿತು. ಅವಳು ದೋಣಿಯಂಚು ಹಿಡಿದು ನನ್ನನ್ನು ನೋಡಿದಳು. ಮನೆಯಲ್ಲಿ ಬಕೆಟ್ ಕಸಿದುಕೊಂಡಾಗ ನೋಡುತ್ತಿದ್ದ ನೋಟವೇ ಅದು. ಇವತ್ತು ಇವಳನ್ನು ಖಾಲಿ ಚೀಲದೊಂದಿಗೆ ಕರೆದುಕೊಂಡು ಹೋದರೆ, ಇನ್ನು ಯಾವುದನ್ನೂ ಇವಳು ನನ್ನಲ್ಲಿ ಕೇಳಲಾರಳು ಎಂದು ನನಗೆ ಆಗ ಸ್ಪಷ್ಟವಾಯಿತು.

ಯೂಸುಫ್ ಬಂದು ನನ್ನ ಮುಷ್ಟಿಯನ್ನು ನಿಧಾನವಾಗಿ ಬಿಡಿಸಿದ. "ಶ್ವೈ ಶ್ವೈ, ಭಾಯ್. ಮೆಲ್ಲಗೆ. ಅಲೆ ಎಳೆಯುವುದು ಬೇರೆ, ಮನುಷ್ಯ ಎಳೆಯುವುದು ಬೇರೆ. ಗಟ್ಟಿ ಹಿಡಿದ ಕೈಗೆ ಎರಡೂ ಒಂದೇ. ಸಡಿಲ ಹಿಡಿ, ಭಾಭಿ ಕರೆದರೆ ನಿನಗೇ ಗೊತ್ತಾಗ್ತದೆ."

ಮೂರನೆಯ ಸಲ ಅವಳು ಇಳಿದಾಗ ಹಗ್ಗವನ್ನು ಅಂಗೈಯ ಮೇಲೆ, ಮಲಗಿದ ಮಗುವಿನ ಕೈಯನ್ನು ಇಟ್ಟುಕೊಳ್ಳುವಂತೆ, ಇಟ್ಟುಕೊಂಡೆ. ಅಲೆ ಬಂತು: ಹಗ್ಗ ಉದ್ದಕ್ಕೂ ಒಂದೇ ಸಮನೆ ಜಾರಿ, ಮತ್ತೆ ಹಿಂದಕ್ಕೆ ಬಂತು. ಇನ್ನೊಂದು ಬಂತು, ಅದೂ ಹಾಗೆಯೇ. ನನ್ನ ಎದೆ ಎಳೆ ಎಳೆ ಎನ್ನುತ್ತಿತ್ತು. ಅಂಗೈ ಮಾತ್ರ ಇನ್ನೂ ಅಲ್ಲ ಎಂದಿತು. ಮೊದಲ ಬಾರಿಗೆ ಅಂಗೈಯ ಮಾತು ಕೇಳಿದೆ. ಆಮೇಲೆ ಅದು ಬಂತು: ಚಿಕ್ಕದು, ಚೂಪಾದದ್ದು, ಬಾಗಿಲಿನ ಹೊರಗೆ ನಿಂತವರು ಬೆರಳಿನಿಂದ ಒಮ್ಮೆ ಕುಟ್ಟಿದಂತೆ. ಸುಮಾಳಲ್ಲದೆ ಬೇರೆ ಯಾರೂ ಅಲ್ಲ.

ಎಳೆದೆ. ಚೀಲದ ತುಂಬ ಚಿಪ್ಪುಗಳು. ಅವಳ ನಗು ನೀರಿನಿಂದ ಅವಳಿಗಿಂತ ಮೊದಲೇ ಹೊರಬಂದಂತಿತ್ತು.

ಚಿಪ್ಪುಗಳಲ್ಲಿ ಮುತ್ತಿರಲಿಲ್ಲ. "ಬೇಸರವೇ ಭಾಭಿ?" ಎಂದು ಯೂಸುಫ್ ಕೇಳಿದಾಗ, "ಎಂಥ ಬೇಸರ? ಗಂಡ ಸಿಕ್ಕಿದ್ರಲ್ಲ" ಎಂದಳು. ಮನೆ ತಲುಪುವವರೆಗೂ ಅದನ್ನೇ ಹೇಳಿ ಹೇಳಿ ನಕ್ಕಳು, ನಾನೂ ನಕ್ಕೆ. ಬೇರೆಯವರ ಪರಂಪರೆಯನ್ನು ನೋಡಲು ಹೋಗುವುದೆಂದರೆ ಗಾಜಿನ ಪೆಟ್ಟಿಗೆಯೊಳಗಿನ ವಸ್ತುಗಳನ್ನು ಬಗ್ಗಿ ನೋಡಿ ಬರುವುದು ಎಂದುಕೊಂಡಿದ್ದೆ. ಯಾರದೋ ಅಜ್ಜನ ಅಂಗೈಯಲ್ಲಿದ್ದ ತಿಳಿವಳಿಕೆ, ಕೇಳಿ ಹೋದವನ ಅಂಗೈಗೂ ಇಷ್ಟು ಧಾರಾಳವಾಗಿ ದಾಟಿಬರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಮರುದಿನ ಬೆಳಿಗ್ಗೆ ಕಿಟಕಿಯ ಸರಳಿನ ಗಂಟು ಬಿಚ್ಚಿ ನೀಲಿ ಹಗ್ಗವನ್ನು ಸ್ವಲ್ಪ ಸಡಿಲ ಬಿಟ್ಟೆ. ಈಗ ಅದು ನಡುವೆ ಸ್ವಲ್ಪ ಜೋತಿದೆ. ಮೊನ್ನೆ ಚಹಾ ಕುಡಿಯುತ್ತಿದ್ದಾಗ, ಸುಮಾ ಆಚೆ ಬಾಲ್ಕನಿಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ತುಂಬಿದ ಬಕೆಟ್ ಅವಳೇ ಎತ್ತಿದ ಸದ್ದು ಕೇಳಿಸಿತು. ಹಗ್ಗ ಅಲುಗಿತು. ಗಾಳಿ. ನಾನು ಏಳಲಿಲ್ಲ. ಲೋಟ ಖಾಲಿಯಾಗುವ ಹೊತ್ತಿಗೆ ಹಗ್ಗ ಇನ್ನೊಮ್ಮೆ, ಚಿಕ್ಕದಾಗಿ, ಚೂಪಾಗಿ ಜಗ್ಗಿತು.

ಎದ್ದು ಹೋದೆ. ಅವಳು ಒದ್ದೆ ಹೊದಿಕೆಯ ಒಂದು ತುದಿಯನ್ನು ನನ್ನ ಕಡೆ ಚಾಚಿ ನಿಂತಿದ್ದಳು, ಹಿಂಡಲಿಕ್ಕೆ.