ಆಪರೇಷನ್ ಕೋಣೆಯ ಬಾಗಿಲಲ್ಲಿ ಒಪ್ಪಿಕೊಂಡ ಹಲ್ಲುನೋವು

ಎರಡು ವರ್ಷದ ಹಿಂದಿನ ಜುಲೈ ತಿಂಗಳು. ಮಳೆಗಾಲವಾದ್ದರಿಂದ ಕಾಣಕೋಣದ ಬೀಚಿನಲ್ಲಿ ಪ್ರವಾಸಿಗರಿರಲಿಲ್ಲ, ನನಗೂ ಕೆಲಸವಿರಲಿಲ್ಲ. ಮಳೆ ನಿಂತ ಮೇಲೆ ನಾನು ಅಲ್ಲಿ ಮಣಿಸರ, ಕಸೂತಿ ಚೀಲ ಮಾರುತ್ತೇನೆ. ನಮ್ಮೂರು ಬಾಗಲಕೋಟೆ ಕಡೆ. ಮದುವೆಯಾಗಿ ಗೋವಾಕ್ಕೆ ಬಂದು ಇಪ್ಪತ್ತೆಂಟು ವರ್ಷವಾಯಿತು.

ನನ್ನ ಎಡಗಡೆ ಸೊಂಟದ ಕೀಲು ಸವೆದುಹೋಗಿತ್ತು. ಮೊದಮೊದಲು ತೊಡೆಸಂದಿನಲ್ಲಿ ಚುಚ್ಚಿದ ಹಾಗಾಗುತ್ತಿತ್ತು. ಉಳುಕಿರಬೇಕೆಂದು ಎಣ್ಣೆ ತಿಕ್ಕಿಕೊಂಡು ಮೂರು ವರ್ಷ ಕಳೆದೆ. ಕೊನೆಗೆ ಒಂದು ದಿನ ಗಿರಾಕಿಗೆ ಸರ ತೋರಿಸಲು ಮರಳಿನ ಮೇಲೆ ಕೂತವಳಿಗೆ ಏಳಲಿಕ್ಕೇ ಆಗಲಿಲ್ಲ. ಸರ ಕೊಳ್ಳಲು ಬಂದ ಹೆಂಗಸೇ ಎರಡೂ ಕೈ ಹಿಡಿದು ನನ್ನನ್ನು ಎಬ್ಬಿಸಿ ನಿಲ್ಲಿಸಿದಳು. ಮರುದಿನವೇ ಮಗಳು ರೇಖಾ ನನ್ನನ್ನು ಮಡಗಾಂವಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಎಕ್ಸ್‌ರೇ ನೋಡಿದ ಡಾಕ್ಟರರು, ತೊಡೆ ಎಲುಬಿನ ಗುಂಡು ಚಪ್ಪಟೆಯಾಗಿದೆ, ಕೀಲು ಬದಲಿಸುವುದೇ ದಾರಿ ಎಂದರು. ಹೊಸ ಕೀಲು ಹೇಗಿರುತ್ತದೆ ಎಂದು ಮೇಜಿನ ಮೇಲಿದ್ದ ಒಂದು ಮಾದರಿಯನ್ನು ತಿರುಗಿಸಿ ತೋರಿಸಿದರು. ಅದನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ನನಗೆ ಅರ್ಧ ಹೆದರಿಕೆ ಹೋಯಿತು.

ಜುಲೈಯಲ್ಲಿ ಮಾಡಿಸಿಕೊಂಡರೆ ಪ್ರವಾಸಿಗರು ಬರುವ ಹೊತ್ತಿಗೆ ಓಡಾಡಬಹುದು ಎಂದು ನಾನೇ ದಿನ ಆರಿಸಿಕೊಂಡೆ. ಆದರೆ ಆಸ್ಪತ್ರೆಗೆ ಸೇರುವ ಎರಡು ದಿನ ಮೊದಲು ಬಲಗಡೆಯ ದವಡೆ ಹಲ್ಲು ನೋಯಲು ಶುರುವಾಯಿತು. ಲವಂಗ ಕಚ್ಚಿ ಹಿಡಿದೆ. ಸ್ವಲ್ಪ ಕಡಿಮೆಯಾಯಿತು, ಮತ್ತೆ ಬಂತು. ಸೊಂಟ ಎಲ್ಲಿ, ಹಲ್ಲು ಎಲ್ಲಿ ಎಂದುಕೊಂಡು ಸುಮ್ಮನಾದೆ. ರೇಖಾಳಿಗೂ ಹೇಳಲಿಲ್ಲ. ಅವಳು ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ. ನನಗಾಗಿ ಕಾಡಿಬೇಡಿ ಹದಿನೈದು ದಿನ ರಜೆ ತೆಗೆದುಕೊಂಡಿದ್ದಳು.

ಆಸ್ಪತ್ರೆಗೆ ಸೇರಿಸಿಕೊಳ್ಳುವಾಗ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಪಟ್ಟಿ ಹಿಡಿದುಕೊಂಡು ಬಂದರು. ಅವರು ಹಿಂದಿಯಲ್ಲಿ ಕೇಳುತ್ತಿದ್ದರು, ಕಾರವಾರ ಕಡೆಯ ನರ್ಸಮ್ಮ ಕನ್ನಡದಲ್ಲಿ ತಿಳಿಸಿ ಹೇಳುತ್ತಿದ್ದರು. ಯಾವ ಮಾತ್ರೆ ತಗೊಳ್ತೀರಿ, ನಾಟಿ ಔಷಧ ಏನಾದರೂ ಇದೆಯಾ, ಸಕ್ಕರೆ ಕಾಯಿಲೆ ಇದೆಯಾ ಎಂದೆಲ್ಲ ಕೇಳಿದರು. ಆಮೇಲೆ, "ಮೈಮೇಲೆ ಎಲ್ಲಾದರೂ ಗಾಯ, ಕುರು? ಉರಿಮೂತ್ರ? ಹಲ್ಲುನೋವು?"

"ಏನೂ ಇಲ್ರಿ," ಅಂದುಬಿಟ್ಟೆ.

ನನ್ನ ಪಕ್ಕದ ಮಂಚದಲ್ಲಿ ಸಾವರ್ಡೆಯ ಹಾಜರಾಬಿ ಇದ್ದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಅವಳ ಗಂಡ ಅದಿರಿನ ಲಾರಿ ಓಡಿಸುತ್ತಾನೆ, ಮೂಲ ವಿಜಯಪುರದವರು. ನಮ್ಮ ಕಡೆ ಮಾತು ಕೇಳಿ ನನಗೆ ತಂಗಿ ಸಿಕ್ಕ ಹಾಗೆ, ಅವಳಿಗೆ ಅಕ್ಕ ಸಿಕ್ಕ ಹಾಗೆ ಆಗಿತ್ತು. ಮಧ್ಯಾಹ್ನ ರೇಖಾ ಕೆಳಗೆ ಔಷಧಿ ತರಲು ಹೋದಾಗ ನಾವಿಬ್ಬರೂ ಊಟ ಮಾಡುತ್ತಿದ್ದೆವು. ಹಾಜರಾಬಿ ನನ್ನನ್ನೇ ನೋಡುತ್ತಿದ್ದವಳು ಕೇಳಿದಳು:

"ಅಕ್ಕಾರ, ಯಾಕ ಒಂದ ಬದೀಲೆ ಅಗಿಯಾಕತ್ತೀರಿ?"

"ಏನಿಲ್ಲಬೇ, ಸ್ವಲ್ಪ ಹಲ್ಲ ನೋವು."

"ಡಾಕ್ಟರಿಗೆ ಹೇಳೀರೇನ?"

"ಇಲ್ಲ. ಹೇಳಿದ್ರ ಆಪರೇಷನ್ ಮುಂದ ಹಾಕ್ತಾರ."

ಅವಳು ಕೈಯಲ್ಲಿದ್ದ ಚಪಾತಿಯನ್ನು ತಟ್ಟೆಯಲ್ಲಿ ಇಟ್ಟಳು. "ನಾನೂ ಹಿಂಗ ಅಂದಿದ್ದೆರಿ. ಐದ ತಿಂಗಳ ಹಿಂದ ನನ್ನ ಕೀಲ ಬದಲ ಮಾಡಿದ್ರು. ಆಗ ಹಿಮ್ಮಡಿ ಮ್ಯಾಲೆ ಒಂದ ಕುರು ಆಗಿತ್ತು. ಇಷ್ಟ ಸಣ್ಣದು. ಯಾರಿಗೂ ಕಾಣಬಾರದಂತ ಪಟ್ಟಿ ಸುತ್ತಿ, ಚಪ್ಪಲಿ ಕಚ್ಚೇತಿ ಅಂತ ಖೊಟ್ಟಿ ಹೇಳಿದೆ. ಆಪರೇಷನ್ ಚಲೋನ ಆತು. ತಿಂಗಳ ತುಂಬೋದರಾಗ ಜ್ವರ ಬಂತು, ಗಾಯದಾಗಿಂದ ಕೀವು ಸೋರಾಕ ಹತ್ತಿತು. ಹೊಸ ಕೀಲಿಗೆ ಕೀವು ಹೋಗಿ ಕುಂತಿತ್ತು. ಆ ಕೀಲ ತಗದ ಬಿಟ್ರು. ಮೂರ ತಿಂಗಳ ಕೀಲ ಇಲ್ಲದನ ಹಾಸಿಗಿ ಹಿಡದ ಕುಂತೇನಿ ಅಕ್ಕಾರ. ಈಗ ಎರಡನೇದ ಹಾಕ್ಸಾಕ ಬಂದೇನಿ."

"ಹಿಮ್ಮಡಿ ಕುರು ಸೊಂಟಕ್ಕ ಹೆಂಗ ಹೋಗ್ತೈತಿ?"

"ರಕ್ತದಾಗ ಹೋಗ್ತೈತಂತ. ಡಾಕ್ಟರ್ ಎಷ್ಟ ಸಲ ಕೇಳಿದ್ರು, ಖರೇ ಹೇಳಲಿಲ್ಲ ನಾನು. ತಪ್ಪ ನಂದ ಐತಿ."

ಇಷ್ಟು ಕೇಳಿದ ಮೇಲೂ ನಾನು ಬಾಯಿ ಬಿಡಲಿಲ್ಲ ಎಂದರೆ ನೀವು ನಂಬಬೇಕು. ಸಂಜೆ ದೊಡ್ಡ ಡಾಕ್ಟರರು ಬಂದು ನನ್ನ ಎಡತೊಡೆಯ ಮೇಲೆ ಪೆನ್ನಿನಿಂದ ಬಾಣದ ಗುರುತು ಹಾಕಿ, "ನಾಳೆ ಬೆಳಿಗ್ಗೆ ಮೊದಲು ನಿಮ್ಮದೇ" ಎಂದರು. ನಾನು ತಲೆಯಾಡಿಸಿದೆ. ನನ್ನ ಹಲ್ಲಿನಿಂದ ಹಾಗೇನೂ ಆಗಲಾರದು ಎಂದು ಒಳಗೊಳಗೇ ವಾದ ಮಾಡುತ್ತಿದ್ದೆ.

ಬೆಳಿಗ್ಗೆ ಹಸಿರು ಗೌನು ಹಾಕಿ ನನ್ನನ್ನು ಟ್ರಾಲಿಯ ಮೇಲೆ ಮಲಗಿಸಿದರು. ಹಾಜರಾಬಿ ನನ್ನ ಕೈ ಒಮ್ಮೆ ಹಿಡಿದು ಬಿಟ್ಟಳು. ಆಪರೇಷನ್ ಕೋಣೆಯ ಬಾಗಿಲಲ್ಲಿ ಟ್ರಾಲಿ ನಿಂತಿತು. ದೊಡ್ಡ ಡಾಕ್ಟರರು ಕಾಗದ ನೋಡುತ್ತ ನನ್ನ ಹೆಸರು ಕೇಳಿದರು. ಹೇಳಿದೆ. "ಯಾವ ಕಾಲು?" ಎಂದರು.

"ಎಡಗಾಲ್ರಿ," ಅಂದೆ. ಉಸಿರು ತೆಗೆದುಕೊಂಡು ಹೇಳಿಬಿಟ್ಟೆ, "ಸಾಹೇಬ್ರ, ನನ್ನ ಹಲ್ಲ ನೋಯಾಕತ್ತೈತ್ರಿ. ನಾಲ್ಕ ದಿನ ಆತು. ಸುಳ್ಳ ಹೇಳಿದ್ದೆ."

ಟ್ರಾಲಿಯ ಜೊತೆ ಬಂದಿದ್ದ ನರ್ಸಮ್ಮ ಅದನ್ನು ಹಿಂದಿಯಲ್ಲಿ ಹೇಳಿದಾಗ ಅಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಡಾಕ್ಟರರು ಬಾಯಿ ತೆಗೆಸಿ, ಬ್ಯಾಟರಿ ಹಾಕಿ, ಒಸಡನ್ನು ಒತ್ತಿ ನೋಡಿದರು. ನಾನು ಚೀರಿದೆ. ಅವರ ಕೈಗವಸಿಗೆ ಕೀವು ಹತ್ತಿತ್ತು. ಅದನ್ನು ನನಗೇ ತೋರಿಸಿ, "ಇವತ್ತು ಆಪರೇಷನ್ ಇಲ್ಲ" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಅವರು ಬೈಯಲಿಲ್ಲ. "ಈ ಆಪರೇಷನ್ ತುರ್ತಿನದಲ್ಲ. ಕಾಯಬಹುದು. ಆದರೆ ಹೊಸ ಕೀಲಿಗೆ ಒಮ್ಮೆ ಸೋಂಕು ತಗುಲಿದರೆ ಮಾತ್ರೆಯಿಂದಲೇ ಹೋಗಿಬಿಡುತ್ತದೆ ಎಂದು ಹೇಳಲಾಗುವುದಿಲ್ಲ. ನೀವು ಹೇಳಿದ್ದು ಒಳ್ಳೆಯದಾಯಿತು" ಎಂದರು.

ಬೈದವಳು ರೇಖಾ. "ನನಗಾದ್ರೂ ಹೇಳಬಾರದೇನವ್ವಾ? ನಾ ಏನ್ ಹೊರಗಿನಾಕೀನ?" ಎಂದು ಬ್ಯಾಗಿಗೆ ಬಟ್ಟೆ ತುಂಬುತ್ತ ಅತ್ತಳು. ಅವಳ ರಜೆ ವ್ಯರ್ಥವಾಗಿತ್ತು.

ಹಲ್ಲು ಕೀಳಿಸಿ, ಮಾತ್ರೆ ಮುಗಿಸಿ, ರಕ್ತ ಮತ್ತೆ ಪರೀಕ್ಷೆ ಮಾಡಿಸಿ, ಚೌತಿ ಆದ ಮೇಲೆ ನನ್ನ ಆಪರೇಷನ್ ಆಯಿತು. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಹೊಲಿಗೆ ನೋಯುತ್ತಿತ್ತು ನಿಜ, ಆದರೆ ಮೂರು ವರ್ಷ ಜೀವ ತಿಂದ ಆ ಹಳೆಯ ನೋವು ಇರಲಿಲ್ಲ. ನಾಲ್ಕು ಹೆಜ್ಜೆ ಇಟ್ಟು ನಾನು ಜೋರಾಗಿ ನಕ್ಕಿದ್ದು ನೆನಪಿದೆ.

ಈ ಸಲ ಕೇಳಿದ್ದಕ್ಕೆಲ್ಲ ನಿಜ ಹೇಳಿದೆ, ನನಗೆ ತಿಳಿಯದ್ದನ್ನು ನಾನೂ ಕೇಳಿದೆ. ನೆಲದ ಮೇಲೆ ಕೂಡಬಾರದು, ಬಗ್ಗಬಾರದು, ಕುಕ್ಕರಗಾಲು, ಚಕ್ಕಳಮಕ್ಕಳ ಬೇಡ, ಮಲಗುವಾಗ ಕಾಲುಗಳ ನಡುವೆ ದಿಂಬು ಇರಲಿ ಎಂದರು. ಮೀನಖಂಡ ಊದಿದರೆ, ಜ್ವರ ಬಂದರೆ, ಉಸಿರು ಕಟ್ಟಿದಂತಾದರೆ ಕಾಯದೆ ಬರಬೇಕೆಂದರು. ಮನೆಗೆ ಹೋಗುವ ಮೊದಲೇ ರೇಖಾ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿಸಿದ್ದಳು, ಪಾಯಖಾನೆಗೆ ಕುರ್ಚಿ ತಂದಿಟ್ಟಿದ್ದಳು. ಒಮ್ಮೆ ಬಿದ್ದ ಬಾಚಣಿಗೆ ಎತ್ತಲು ಬಗ್ಗಿ ಅವಳಿಂದ ಎರಡನೇ ಸಲ ಬೈಸಿಕೊಂಡೆ.

ಅರ್ಧ ಸೀಸನ್ ಕೈತಪ್ಪಿತು. ಜನವರಿಯಲ್ಲಿ ಬೀಚಿಗೆ ಹೋದೆ. ಈಗ ಮರಳಿನ ಮೇಲೆ ಕೂಡುವುದಿಲ್ಲ, ಎತ್ತರದ ಕುರ್ಚಿ, ಮುಂದೊಂದು ಮೇಜು. ಹಾಜರಾಬಿಯ ಎರಡನೇ ಕೀಲಿನ ಆಪರೇಷನ್ ನನ್ನದಕ್ಕಿಂತ ಬಹಳ ಹೊತ್ತು ಹಿಡಿಯಿತು, ಚೇತರಿಕೆಗೂ ಬಹಳ ದಿನ ಬೇಕಾಯಿತು. ಈಗ ಕೋಲು ಹಿಡಿದು ಮಾರ್ಕೆಟ್ಟಿಗೆ ಹೋಗಿಬರುತ್ತಾಳೆ. ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ.

ಗುರುತಿಲ್ಲದ ಹೆಂಗಸಿನ ಮುಂದೆ ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವ ಅಗತ್ಯ ಅವಳಿಗೆ ಏನೂ ಇರಲಿಲ್ಲ. ಚಪಾತಿ ತಿಂದು ಆ ಕಡೆ ಹೊರಳಿ ಮಲಗಬಹುದಿತ್ತು. ಈಗ ನಮ್ಮ ಓಣಿಯಲ್ಲಿ ಯಾರಿಗಾದರೂ ಇಂಥ ಆಪರೇಷನ್ ಎಂದು ಗೊತ್ತಾದರೆ ನಾನೇ ಹೋಗಿ ಹೇಳಿ ಬರುತ್ತೇನೆ. ಡಾಕ್ಟರಮ್ಮನಿಗೆ ಹೇಳಿದ ಸುಳ್ಳನ್ನು ಬಿಟ್ಟು ಹೇಳಿದರೆ ನನಗೆ ನಾಚಿಕೆ ತಪ್ಪುತ್ತದೆ. ಆದರೆ ಕೇಳುವವರಿಗೆ ಬೇಕಾದದ್ದು ಆ ಸುಳ್ಳಿನ ಕಥೆಯೇ. ಅದಕ್ಕೇ ಅದನ್ನೇ ಮೊದಲು ಹೇಳುತ್ತೇನೆ.